ಚಿತ್ರ ಮೊದಲೋ, ಅಕ್ಷರ ಮೊದಲೋ?

ಮೂಡಲಪಾಳ್ಯ ಸರ್ಕಲ್‌ಗೆ ಸಮೀಪದ ಹಳೇ ಪೇಪರ್ ಅಂಗಡಿಯೊಂದರಲ್ಲಿ, ತೂಕಕ್ಕೆ ಬಿದ್ದಿದ್ದ ನೋಟ್‌ಬುಕ್ಕು, ಗೈಡುಗಳ ರಾಶಿಯ ನಡುವೆ ಈಚೆಗೆ ಒಂದು ಹಳೆಯ 'ಅಮರ ಚಿತ್ರಕಥೆ' ಕಣ್ಣಿಗೆ ಬಿತ್ತು. ಇಂಗ್ಲಿಷ್ ಪ್ರತಿ. ಹೆಸರು 'ಕೃಷ್ಣ'. ಅನಂತ ಪೈ ಬರೆದು, ರಾಮ್ ವೈರ್‌ಕರ್ ಚಿತ್ರ ಬಿಡಿಸಿದ ಈ ಪುಸ್ತಕದಿಂದಲೇ ಆ ಮಾಲೆ ಆರಂಭವಾಯಿತೆಂದು ಬಹಳ ಜನ ತಿಳಿದಿದ್ದಾರೆ. ಆದರೆ ಅದರ ಮೇಲಿದ್ದ ಕ್ರಮಸಂಖ್ಯೆ 1 ಅಲ್ಲ, 11. ಹಾಗಾದರೆ ಮೊದಲಿನ ಹತ್ತು ಪುಸ್ತಕಗಳು ಯಾವುವು?

ಉತ್ತರ ಬೆಂಗಳೂರಿನಲ್ಲೇ ಇದೆ. ಇಂಡಿಯಾ ಬುಕ್ ಹೌಸ್ ಸಂಸ್ಥೆಯ ಪುಸ್ತಕ ಮಾರಾಟದ ಕೆಲಸದಲ್ಲಿ ಇಲ್ಲಿದ್ದ ಜಿ.ಕೆ. ಅನಂತರಾಮ್ ಅವರು ಕನ್ನಡದ ಮಕ್ಕಳಿಗೆ ಬಣ್ಣದ ಚಿತ್ರಕಥೆಗಳನ್ನು ತರಬೇಕೆಂದು ಮುಂಬಯಿಯ ಕೇಂದ್ರ ಕಚೇರಿಗೆ ಸೂಚಿಸಿದರು. 1965ರಲ್ಲಿ 'ಅಮರ ಚಿತ್ರಕಥೆ' ಮೊದಲು ಬಂದದ್ದು ಕನ್ನಡದಲ್ಲಿ. ಆ ಹತ್ತು ಪುಸ್ತಕಗಳು ಮುಗಿದ ಮೇಲೆ ಬಂದದ್ದರಿಂದ ಇಂಗ್ಲಿಷಿನ ಮಾಲೆ ಹನ್ನೊಂದರಿಂದ ಶುರುವಾಯಿತು ಎಂದು ಅನಂತರಾಮ್ ಅವರೇ ಹೇಳಿದ್ದಾರೆ. ಇಡೀ ದೇಶದ ಮಕ್ಕಳು ಓದಿದ ಮಾಲೆಯ ಬೇರು ಕನ್ನಡದಲ್ಲಿದೆ ಎಂಬುದು ಹೆಮ್ಮೆಯ ಸಂಗತಿಯೇ.

ಆದರೆ ಆ ಹತ್ತರಲ್ಲಿ ಇದ್ದ ಕಥೆಗಳು ಯಾವುವೆಂದು ನೋಡಿದರೆ ಹೆಮ್ಮೆಯ ಜೊತೆ ಒಂದು ಪ್ರಶ್ನೆಯೂ ಏಳುತ್ತದೆ. ಸಿಂಡ್ರೆಲಾ, ಸ್ನೋ ವೈಟ್, ಅಲ್ಲಾವುದ್ದೀನ್, ಪಿನೋಕಿಯೋ. ಅವೆಲ್ಲವೂ ಪಶ್ಚಿಮದ ಚಿತ್ರಪುಸ್ತಕಗಳಲ್ಲಿ ಬಂದ ಕಥೆಗಳು. ಆ ಹೊತ್ತಿಗೆ ಕನ್ನಡದಲ್ಲಿ ಸಿಂಡ್ರೆಲಾಳ ತಂಗಿಯಂಥ ಹುಡುಗಿಯೊಬ್ಬಳು ಅಜ್ಜಿಯರ ಬಾಯಲ್ಲಿ ಬದುಕಿದ್ದಳು. ಅವಳ ಹೆಸರು ಹಂಚಿ. ಚೆಲುವೆ ಎಂಬುದೇ ಅಪಾಯವಾಗಿ, ತಾಯಿ ಮಾಡಿಸಿಕೊಟ್ಟ ಮಣ್ಣಿನ ಮುಖವಾಡ ಹಾಕಿಕೊಂಡು ಮನೆ ಬಿಟ್ಟು, ಸಾಹುಕಾರರ ಮನೆಯಲ್ಲಿ ಆಳಾಗಿ ದುಡಿಯುವ ಹುಡುಗಿ ಅವಳು. ಎ.ಕೆ. ರಾಮಾನುಜನ್ ಅವರು ಉತ್ತರ ಕರ್ನಾಟಕದಲ್ಲಿ ಕೇಳಿ ಬರೆದುಕೊಂಡ ಈ ಕಥೆ, 'ಕನ್ನಡದ ಸಿಂಡ್ರೆಲಾ' ಎಂದೇ ಇಂಗ್ಲಿಷಿನಲ್ಲಿ ಪ್ರಕಟವಾಗಿ, 1982ರಲ್ಲಿ ಅಮೆರಿಕದ ಜಾನಪದ ವಿದ್ವಾಂಸ ಅಲನ್ ಡಂಡೆಸ್ ಸಂಪಾದಿಸಿದ ಸಂಕಲನವನ್ನು ಸೇರಿತು. ಮನೆಯಲ್ಲೇ ಹಂಚಿ ಇದ್ದರೂ 1965ರಲ್ಲಿ ಬಣ್ಣ ತೊಟ್ಟು ಬಂದವಳು ಸಿಂಡ್ರೆಲಾ. ಏಕೆ?

ಪರದೇಶದ ಮೋಹ ಎಂದು ಹೇಳಿ ಮುಗಿಸಿಬಿಡಬಹುದು. ನಿಜವಾದ ಕಾರಣ ಅದಕ್ಕಿಂತ ಸರಳ, ಅದಕ್ಕಿಂತ ಗಟ್ಟಿ. ಅದು ಅಚ್ಚುಕೂಟದ ಲೆಕ್ಕಾಚಾರ. ಅದನ್ನು ತಿಳಿಯಬೇಕಾದರೆ ಮೊದಲು ಚೀನಾಕ್ಕೆ, ಅಲ್ಲಿಂದ ಯೂರೋಪಿಗೆ ಹೋಗಿ ಬರಬೇಕು.

ಒಂದೇ ಹಲಗೆಯ ಮೇಲೆ

ಮುದ್ರಣದ ದಿನಾಂಕ ನಮೂದಾಗಿರುವ ಪೂರ್ಣ ಪುಸ್ತಕಗಳಲ್ಲಿ ಇಂದು ಉಳಿದಿರುವ ಅತಿ ಹಳೆಯದು ಚೀನಾದ 'ವಜ್ರಸೂತ್ರ'. ಸಂಸ್ಕೃತದಿಂದ ಚೀನೀ ಭಾಷೆಗೆ ಹೋದ ಬೌದ್ಧ ಗ್ರಂಥ ಇದು. ಅಚ್ಚಾದದ್ದು ಕ್ರಿ.ಶ. 868ರಲ್ಲಿ, ನಮ್ಮಲ್ಲಿ ನೃಪತುಂಗ ಆಳುತ್ತಿದ್ದ ಕಾಲ. ದುನ್‌ಹುವಾಂಗ್‌ನ ಗುಹೆಯಲ್ಲಿ ಸಿಕ್ಕ ಈ ಸುರುಳಿ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದರ ಮೊದಲ ಭಾಗದಲ್ಲಿ ಇರುವುದು ಅಕ್ಷರವಲ್ಲ, ಚಿತ್ರ. ಶಿಷ್ಯನಾದ ಸುಭೂತಿ ಮಂಡಿಯೂರಿ ಕುಳಿತಿದ್ದಾನೆ, ಬುದ್ಧ ಉಪದೇಶಿಸುತ್ತಿದ್ದಾನೆ.

ಚೀನೀಯರ ಮುದ್ರಣ ಮರದ ಹಲಗೆಯ ಮುದ್ರಣ. ಬರೆದ ಹಾಳೆಯನ್ನು ಹಲಗೆಗೆ ಮಗುಚಿ ಅಂಟಿಸಿ, ಗೆರೆಗಳನ್ನು ಉಳಿಸಿ ಮಿಕ್ಕ ಭಾಗವನ್ನು ಕೆತ್ತಿ ತೆಗೆಯುತ್ತಿದ್ದರು. ಕೆತ್ತುವವನ ಉಳಿಗೆ ಅಕ್ಷರವೂ ಒಂದೇ, ಆನೆಯೂ ಒಂದೇ. ಹೀಗಾಗಿ ಒಂದೇ ಪುಟದಲ್ಲಿ ಎರಡನ್ನೂ ಕೂಡಿಸಲು ಹೆಚ್ಚಿನ ಖರ್ಚು ಬರುತ್ತಿರಲಿಲ್ಲ. 1320ರ ದಶಕದಲ್ಲಿ ಫುಜಿಯಾನ್ ಪ್ರಾಂತ್ಯದ ಜಿಯಾನ್‌ಯಾಂಗ್‌ನ ಪ್ರಕಾಶಕರು ಚರಿತ್ರೆಯ ಜನಪ್ರಿಯ ಕಥೆಗಳನ್ನು ಅಚ್ಚು ಹಾಕಿದಾಗ ಪ್ರತಿ ಪುಟದ ಮೇಲ್ಭಾಗದಲ್ಲಿ ಚಿತ್ರ, ಕೆಳಭಾಗದಲ್ಲಿ ಕಥೆ ಎಂಬ ಪದ್ಧತಿ ಬಂದಿತ್ತು. 1436ರಷ್ಟು ಹಿಂದೆಯೇ ಅಲ್ಲಿ ಮಕ್ಕಳಿಗಾಗಿ ಚಿತ್ರದ ಬಾಲಬೋಧೆಯೂ ಇತ್ತು: ಒಂದು ಪದ, ಪಕ್ಕದಲ್ಲಿ ಆ ವಸ್ತುವಿನ ಚಿತ್ರ. ನೇಗಿಲು, ಕತ್ತರಿ, ಲೆಕ್ಕದ ಮಣಿಚೌಕಟ್ಟು, ಹೀಗೆ ಸುಮಾರು ಮುನ್ನೂರು ಚಿತ್ರಗಳು.

ಯೂರೋಪಿನ ದಾರಿ ಬೇರೆಯಾಯಿತು. 1450ರ ದಶಕದಲ್ಲಿ ಗುಟೆನ್‌ಬರ್ಗ್ ಸೀಸದ ಮೊಳೆಗಳನ್ನು ಜೋಡಿಸಿ ಬೈಬಲ್ ಅಚ್ಚು ಹಾಕಿದ ಮೇಲೆ ಅಕ್ಷರದ ಕೆಲಸ ಮೊಳೆ ಜೋಡಿಸುವವನದು, ಚಿತ್ರದ ಕೆಲಸ ಕೆತ್ತುವವನದು ಎಂದು ಎರಡು ಪಾಲಾಯಿತು. ಮರದ ಅಚ್ಚನ್ನು ಮೊಳೆಯ ಜೊತೆ ಇಟ್ಟು ಒತ್ತಬಹುದಿತ್ತು. ಆದರೆ ನಯವಾದ ಚಿತ್ರ ಬೇಕೆಂದು ತಾಮ್ರದ ತಗಡಿಗೆ ಹೋದಾಗ ಅದಕ್ಕೆ ಬೇರೆಯದೇ ಯಂತ್ರ ಬೇಕಾಯಿತು. ಚಿತ್ರ ಪುಸ್ತಕದ ಮಧ್ಯದಲ್ಲಿ ಹೊಲಿದ ಬಿಡಿ ಹಾಳೆಯಾಯಿತು, ಕಥೆಯಿಂದ ದೂರವಾಯಿತು.

ಈ ದೂರವನ್ನು ಮಕ್ಕಳಿಗಾಗಿ ಕಡಿಮೆ ಮಾಡಿದವರು ಮೊರಾವಿಯಾದ ಪಾದ್ರಿ, ಯುದ್ಧದಿಂದ ಊರು ಬಿಟ್ಟು ಅಲೆದ ಶಿಕ್ಷಕ ಕೊಮೇನಿಯಸ್. 1658ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಅಚ್ಚಾದ ಅವರ 'ಓರ್ಬಿಸ್ ಪಿಕ್ಟಸ್' ಪುಸ್ತಕದಲ್ಲಿ 150 ಪಾಠಗಳು, ಪಾಠಕ್ಕೊಂದು ಚಿತ್ರ. ಚಿತ್ರದೊಳಗಿನ ವಸ್ತುಗಳಿಗೆ ಅಂಕಿ ಹಾಕಿ, ಕೆಳಗೆ ಅದೇ ಅಂಕಿಯ ಎದುರು ಲ್ಯಾಟಿನ್ ಮತ್ತು ಜರ್ಮನ್ ಪದಗಳನ್ನು ಕೊಟ್ಟಿದ್ದರು. ಅದರ ಅಕ್ಷರಮಾಲೆ ಕಾಗೆಯ ಕೂಗಿನಿಂದ ಆರಂಭವಾಗುತ್ತದೆ. ನಮ್ಮ ಒಂದನೇ ಕ್ಲಾಸಿನ ಗೋಡೆಯ ಮೇಲೆ 'ಅ'ಗೆ ಅಗಸ, 'ಆ'ಗೆ ಆನೆ, 'ಇ'ಗೆ ಇಲಿ ಎಂದು ತೂಗುತ್ತಿದ್ದ ಚಾರ್ಟು ಇದೇ ದಾರಿಯಲ್ಲಿ ಬಂದದ್ದು.

ಮಾತು ಬಿಟ್ಟದ್ದನ್ನು ಚಿತ್ರ ಹೇಳಿದಾಗ

ಕೊಮೇನಿಯಸ್ ಬಯಸಿದ್ದು ಪಾಠ. ನಗುವಿಗೂ ಪುಸ್ತಕ ಬೇಕೆಂದು ಕಂಡುಕೊಂಡವರು ವ್ಯಾಪಾರಿಗಳು. 1744ರಲ್ಲಿ ಲಂಡನ್ನಿನ ಜಾನ್ ನ್ಯೂಬೆರಿ ಒಂದು ಪುಟ್ಟ ಮಕ್ಕಳ ಪುಸ್ತಕ ತಂದಾಗ ಅದರ ಬೆಲೆ ಆರು ಪೆನ್ನಿ; ಎಂಟು ಪೆನ್ನಿ ಕೊಟ್ಟರೆ ಹುಡುಗನಿಗೆ ಚೆಂಡು, ಹುಡುಗಿಗೆ ಗುಂಡುಸೂಜಿ ಚುಚ್ಚುವ ಮೆತ್ತೆ ಜೊತೆಗೆ ಸಿಗುತ್ತಿತ್ತು. ಸೋಪಿನ ಜೊತೆ ಚಮಚ ಕೊಡುವ ಜಾಣತನ ಇಂದಿನದೇನೂ ಅಲ್ಲ.

ನಾವು ಇಂದು ಚಿತ್ರಪುಸ್ತಕ ಎನ್ನುವ ವಸ್ತು ನಿಜವಾಗಿ ರೂಪುಗೊಂಡದ್ದು 1870ರ ದಶಕದ ಇಂಗ್ಲೆಂಡಿನಲ್ಲಿ. ಎಡ್ಮಂಡ್ ಇವಾನ್ಸ್ ಎಂಬ ಮುದ್ರಕರು ಬಣ್ಣಕ್ಕೊಂದು ಮರದ ಅಚ್ಚು ಕೆತ್ತಿಸಿ, ಒಂದರ ಮೇಲೊಂದು ಒತ್ತಿ ಅಗ್ಗದ ಬಣ್ಣದ ಪುಸ್ತಕ ತಯಾರಿಸುವುದನ್ನು ಕರಗತ ಮಾಡಿಕೊಂಡಿದ್ದರು. ಅವರ ಜೊತೆಗೂಡಿದ ಕಲಾವಿದ ರ‍್ಯಾಂಡಾಲ್ಫ್ ಕಾಲ್ಡೆಕಾಟ್ 1878ರಿಂದ ತಂದ ಪುಸ್ತಕಗಳ ಬೆಲೆ ಒಂದು ಶಿಲಿಂಗ್. ಇಂಗ್ಲಿಷ್ ಮನೆಗಳ ಒಂದು ಶಿಶುಗೀತೆಯಲ್ಲಿ ತಟ್ಟೆಯೊಂದು ಚಮಚದ ಜೊತೆ ಓಡಿಹೋಗುತ್ತದೆ. ಹಾಡು ಅಲ್ಲಿಗೆ ಮುಗಿಯುತ್ತದೆ. ಕಾಲ್ಡೆಕಾಟ್ ಇನ್ನೊಂದು ಪುಟ ತಿರುವಿಸುತ್ತಾರೆ. ಅಲ್ಲಿ ತಟ್ಟೆ ಒಡೆದು ಚೂರಾಗಿದೆ. ಚಮಚವನ್ನು ಅವಳ ಅಪ್ಪ ಅಮ್ಮಂದಿರಾದ ಚಾಕು ಮತ್ತು ಫೋರ್ಕು ತೋಳು ಹಿಡಿದು ಕರೆದೊಯ್ಯುತ್ತಿದ್ದಾರೆ. ಮನೆಬಿಟ್ಟು ಓಡಿದ ಪ್ರೇಮಿಗಳ ಗತಿಯ ಬಗ್ಗೆ ಹಾಡಿನಲ್ಲಿ ಒಂದು ಮಾತಿಲ್ಲ. ಅದನ್ನು ಹೇಳಿದ್ದು ಚಿತ್ರ ಮಾತ್ರ.

ಕಥೆಗೆ ಚಿತ್ರ ಹಾಕುವುದಕ್ಕೂ ಚಿತ್ರಪುಸ್ತಕ ಮಾಡುವುದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಮಾತು ಅರ್ಧ ಹೇಳಬೇಕು, ಚಿತ್ರ ಮಿಕ್ಕರ್ಧ ಹೇಳಬೇಕು. ಹಾಗಾಗಬೇಕಾದರೆ ಬರೆಯುವವರು, ಬಿಡಿಸುವವರು ಒಂದೇ ಕಡೆ, ಒಂದೇ ಭಾಷೆಯೊಳಗೆ ಕುಳಿತು ಕೆಲಸ ಮಾಡಬೇಕು. 1963ರಲ್ಲಿ ಅಮೆರಿಕದ ಮಾರಿಸ್ ಸೆಂಡಾಕ್ ತಂದ 'ವೇರ್ ದ ವೈಲ್ಡ್ ಥಿಂಗ್ಸ್ ಆರ್' ಪುಸ್ತಕದಲ್ಲಿ ಹುಡುಗನ ಕೋಪ ಬೆಳೆದಂತೆಲ್ಲ ಚಿತ್ರ ದೊಡ್ಡದಾಗುತ್ತ ಹೋಗಿ ಕೊನೆಗೆ ಅಕ್ಷರಕ್ಕೆ ಜಾಗವೇ ಉಳಿಯುವುದಿಲ್ಲ. ಬರೆದವರೂ ಬಿಡಿಸಿದವರೂ ಒಬ್ಬರೇ ಆಗಿದ್ದರಿಂದ ಅದು ಸಾಧ್ಯವಾಯಿತು.

ಶಾಂಘೈನ ಬಾಡಿಗೆ ಪುಸ್ತಕ

ಇತ್ತ ಚೀನಾದಲ್ಲಿ 1920ರ ದಶಕದ ಹೊತ್ತಿಗೆ ಶಾಂಘೈ ನಗರಕ್ಕೆ ಹೊಸ ಯಂತ್ರಗಳು ಬಂದಿದ್ದವು. ಹಳೆಯ 'ಮೇಲೆ ಚಿತ್ರ, ಕೆಳಗೆ ಕಥೆ' ಪದ್ಧತಿ ಹೊಸ ಅವತಾರ ಎತ್ತಿತು. ಅಂಗೈಯಗಲದ ಪುಸ್ತಕ, ಪುಟಕ್ಕೊಂದು ಕಪ್ಪುಗೆರೆಯ ಚಿತ್ರ, ಅದರ ಬದಿಗೆ ಎರಡು ಸಾಲು ಮಾತು. ಇವುಗಳ ಹೆಸರು 'ಲಿಯಾನ್‌ಹುವಾನ್‌ಹುವಾ', ಅಂದರೆ ಸರಪಳಿಯ ಕೊಂಡಿಗಳಂತೆ ಒಂದರ ಹಿಂದೆ ಒಂದು ಬರುವ ಚಿತ್ರ. ಮೂರು ರಾಜ್ಯಗಳ ಕಥೆ, ಕೋತಿರಾಜನ ಕಥೆ, ನಾಟಕಗಳು, ಆ ವಾರ ನಡೆದ ಸಿನಿಮಾ, ಎಲ್ಲವೂ ಇದರಲ್ಲಿ ಬಂದವು. ಕಾಗದ ಕಳಪೆ, ಬಣ್ಣವಿದ್ದರೆ ರಕ್ಷಾಪುಟಕ್ಕೆ ಮಾತ್ರ.

ಬಡವರು ಇವನ್ನು ಕೊಳ್ಳುತ್ತಿದ್ದುದಕ್ಕಿಂತ ಬಾಡಿಗೆಗೆ ಪಡೆಯುತ್ತಿದ್ದುದೇ ಹೆಚ್ಚು. ಗಲ್ಲಿಯ ಮೂಲೆಯಲ್ಲಿ ಪುಸ್ತಕ ಒರಗಿಸಿಟ್ಟ ಅಂಗಡಿ, ಮುಂದೆ ಪುಟ್ಟ ಮಣೆಗಳು. ಚಿಲ್ಲರೆ ಕಾಸು ಕೊಟ್ಟು ಅಲ್ಲೇ ಕುಳಿತು ಓದಿ ಹಿಂದಿರುಗಿಸುವುದು. ಬೆಂಗಳೂರಿನ ಪಶ್ಚಿಮದ ಬಡಾವಣೆಗಳಲ್ಲಿ 1980ರ ದಶಕದಲ್ಲಿ ಬೆಳೆದವರಿಗೆ ಈ ದೃಶ್ಯ ಅಪರಿಚಿತವಲ್ಲ. ರಾಜಾಜಿನಗರ, ವಿಜಯನಗರಗಳ 'ಸರ್ಕ್ಯುಲೇಟಿಂಗ್ ಲೈಬ್ರರಿ' ಎಂಬ ಒಂದು ಬಾಗಿಲ ಅಂಗಡಿಗಳಿಂದ ದಿನಕ್ಕಿಷ್ಟು ಎಂದು ಕಾಮಿಕ್ಸ್ ತಂದು, ಮನೆಯಲ್ಲಿ ಮೂವರು ಮಕ್ಕಳೂ ಸಂಜೆಯೊಳಗೆ ಓದಿ ಮುಗಿಸುತ್ತಿದ್ದ ಕಾಲ ಅದು.

ಶಾಂಘೈನ ಪಂಡಿತರಿಗೆ ಈ ಪುಸ್ತಕಗಳೆಂದರೆ ತಾತ್ಸಾರ. ಇದರಿಂದ ದೊಡ್ಡ ಸಾಹಿತ್ಯ ಹುಟ್ಟುವುದಿಲ್ಲ ಎಂದು ಬರೆದವರಿದ್ದರು. ಅವರಿಗೆ 1932ರಲ್ಲಿ ಉತ್ತರ ಕೊಟ್ಟವರು ಆಧುನಿಕ ಚೀನೀ ಸಾಹಿತ್ಯದ ದೊಡ್ಡ ಲೇಖಕ ಲು ಶುನ್. ಇಟಲಿಯ ಮೈಕೆಲೆಂಜೆಲೋ ದೇವಾಲಯದ ಛಾವಣಿಗೆ ಬರೆದದ್ದೂ ಬೈಬಲ್ಲಿನ ಸಾಲುಚಿತ್ರವೇ ತಾನೇ ಎಂಬುದು ಅವರ ವಾದ. ಮರುವರ್ಷವೇ ಬೆಲ್ಜಿಯಂನ ಕಲಾವಿದ ಮಾಸೆರೀಲ್ ಅವರ ಮಾತಿಲ್ಲದ ಮರದಚ್ಚು ಚಿತ್ರಕಥೆಯ ಚೀನೀ ಆವೃತ್ತಿಗೆ ಅವರು ಮುನ್ನುಡಿ ಬರೆದರು. 1950ರ ದಶಕದಲ್ಲಿ ಶಾಂಘೈನ ಪ್ರಕಾಶನ ಸಂಸ್ಥೆ ಮೂರು ರಾಜ್ಯಗಳ ಕಥೆಯನ್ನು 60 ಪುಟ್ಟ ಸಂಪುಟಗಳಲ್ಲಿ ತರಲು ಕೈಹಾಕಿದಾಗ ನುರಿತ ಕಲಾವಿದರೇ ಅದಕ್ಕೆ ಕುಂಚ ಹಿಡಿದರು. ಬಡ ರೂಪ ಎಂದು ತಳ್ಳಿದ್ದು ದೇಶದ ಶ್ರೇಷ್ಠ ರೇಖಾಕಲೆಯಾಯಿತು. ಅದಕ್ಕೆ ಬೇಕಾಗಿದ್ದದ್ದು ಕಪ್ಪು ಮಸಿ ಒಂದೇ.

ನಮ್ಮ ಗರಿ, ನಮ್ಮ ಕಲ್ಲು

ಕನ್ನಡಿಗರಿಗೆ ಅಕ್ಷರದ ಪಕ್ಕ ಚಿತ್ರ ಬರೆಯುವುದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಮೂಡುಬಿದಿರೆಯ ಬಸದಿಯಲ್ಲಿ ಕಾಪಾಡಿಕೊಂಡು ಬಂದ 'ಧವಲ' ಮೊದಲಾದ ಜೈನ ಸಿದ್ಧಾಂತ ಗ್ರಂಥಗಳ ತಾಳೆಗರಿಗಳಲ್ಲಿ, ಹಳಗನ್ನಡ ಲಿಪಿಯ ಸಾಲುಗಳ ನಡುವೆ ಜಿನರ, ಯಕ್ಷಿಯರ, ಭಕ್ತರ ಬಣ್ಣದ ಚಿತ್ರಗಳಿವೆ. ಅವು ಹೊಯ್ಸಳರ ಕಾಲದವು, 12ನೇ ಶತಮಾನದ ಆರಂಭದವು. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಮಾಡಿಸಿದ 'ಶ್ರೀತತ್ತ್ವನಿಧಿ' ಒಂಬತ್ತು ನಿಧಿಗಳ ಸಚಿತ್ರ ಕೋಶ. ದೇವತೆಗಳು, ರಾಗಗಳು, ಗ್ರಹಗಳು, ಪ್ರತಿಯೊಂದಕ್ಕೂ ಶ್ಲೋಕ ಮತ್ತು ಚಿತ್ರ. ಆದರೆ ಗರಿ ಬಸದಿಯೊಳಗೆ ಉಳಿಯಿತು, ನಿಧಿ ಅರಮನೆಯೊಳಗೆ ಉಳಿಯಿತು. ಮಕ್ಕಳ ಕೈಗೆ ಬರಬೇಕಾದರೆ ಅಚ್ಚಾಗಬೇಕಿತ್ತು.

ಕನ್ನಡದ ಅಚ್ಚಿಗೆ ಒತ್ತಕ್ಷರದ ತೊಡಕು ಮೊದಲಿನಿಂದಲೂ ಇತ್ತು. ಸೆರಾಂಪುರದಲ್ಲಿ ವಿಲಿಯಂ ಕೇರಿ 1817ರಲ್ಲಿ ಕನ್ನಡ ವ್ಯಾಕರಣವನ್ನು ಮೊಳೆಗಳಿಂದಲೇ ಅಚ್ಚು ಹಾಕಿದರು. ಮಂಗಳೂರಿನ ಬಾಸೆಲ್ ಮಿಷನ್ 1841ರಲ್ಲಿ ಹಿಡಿದದ್ದು ಇನ್ನೊಂದು ದಾರಿ: ಕಲ್ಲಚ್ಚು. 1843ರ 'ಮಂಗಳೂರ ಸಮಾಚಾರ' ಮುದ್ರಣವಾದದ್ದು ಹೀಗೇ. ಕಲ್ಲಿನ ಮೇಲೆ ಕೈಬರಹ ಮೂಡುವಂತೆ ಚಿತ್ರವೂ ಮೂಡಬಲ್ಲದು. ಚೀನಾದ ಮರದ ಹಲಗೆ ಕೊಟ್ಟ ಸ್ವಾತಂತ್ರ್ಯವೇ ಇಲ್ಲಿ ಕನ್ನಡಕ್ಕೆ ಸಿಕ್ಕಿತ್ತು. ಆದರೆ ಬಹುಬೇಗ ಸೀಸದ ಮೊಳೆಗಳೇ ಗೆದ್ದವು. ಅಲ್ಲಿಂದ ಮುಂದೆ ಚಿತ್ರ ಬೇಕೆಂದರೆ 'ಬ್ಲಾಕ್' ಮಾಡಿಸಬೇಕು. ಕಲಾವಿದ ಬಿಡಿಸಿದ್ದನ್ನು ಫೋಟೋ ತೆಗೆದು, ಸತುವಿನ ತಗಡಿಗೆ ಆಮ್ಲದಲ್ಲಿ ಕೊರೆಸಿ, ಮರದ ತುಂಡಿಗೆ ಮೊಳೆ ಹೊಡೆದು, ಅಕ್ಷರದ ಪಕ್ಕ ಬಿಗಿಯಬೇಕು. ಬಣ್ಣದ ಚಿತ್ರವಾದರೆ ಒಂದರ ಬದಲು ಮೂರು ನಾಲ್ಕು ಬ್ಲಾಕು, ಅಷ್ಟೇ ಸಲ ಮುದ್ರಣ. ಸಾವಿರ ಪ್ರತಿ ಅಚ್ಚು ಹಾಕುವ ಕನ್ನಡ ಪ್ರಕಾಶಕರಿಗೆ ಇದು ಗಿಟ್ಟುವ ಮಾತಲ್ಲ. ಅಂಥ ಕಾಲದಲ್ಲೂ ಶಿವರಾಮ ಕಾರಂತರು 1936ರಲ್ಲಿ ಮೂರು ಸಂಪುಟಗಳ ಸಚಿತ್ರ 'ಬಾಲ ಪ್ರಪಂಚ'ವನ್ನು ಹೊರತಂದರು. ಅದು ಹಟದ ಕೆಲಸ. ಪ್ರಕಾಶನದ ವಾಡಿಕೆಯಾಗಲು ಸಾಧ್ಯವಿರಲಿಲ್ಲ.

ವಾಡಿಕೆಯಾಗಿ ಬಣ್ಣ ತಂದದ್ದು ಮದರಾಸಿನ 'ಚಂದಮಾಮ'. ನಾಗಿರೆಡ್ಡಿ ಮತ್ತು ಚಕ್ರಪಾಣಿ 1947ರಲ್ಲಿ ತೆಲುಗು, ತಮಿಳಿನಲ್ಲಿ ಆರಂಭಿಸಿದ ಈ ಮಾಸಪತ್ರಿಕೆ 1949ರಲ್ಲಿ ಕನ್ನಡಕ್ಕೂ ಬಂತು. ಎಂ.ಟಿ.ವಿ. ಆಚಾರ್ಯರ ಮಹಾಭಾರತದ ಮುಖಪುಟಗಳನ್ನು, ಶಂಕರ್ ಬಿಡಿಸಿದ ಬೇತಾಳವನ್ನು ಹೆಗಲಿಗೆ ಹಾಕಿದ ವಿಕ್ರಮನನ್ನು ಮರೆತ ಓದುಗರು ಕಡಿಮೆ. 2013ರ ಹೊತ್ತಿಗೆ ನಿಂತುಹೋದ ಆ ಪತ್ರಿಕೆಯ ಗುಟ್ಟು ಇಷ್ಟೇ: ಚಿತ್ರ ಎಲ್ಲ ಭಾಷೆಗೂ ಒಂದೇ, ಅಕ್ಷರ ಮಾತ್ರ ಬೇರೆ.

ಕಪ್ಪು ಪ್ಲೇಟಿನ ಲೆಕ್ಕ

ಈಗ ನಮ್ಮ ಸಿಂಡ್ರೆಲಾ ಪ್ರಶ್ನೆಗೆ ಬರೋಣ. ಬಣ್ಣದ ಮುದ್ರಣ ನಾಲ್ಕು ಪ್ಲೇಟುಗಳ ಕೆಲಸ: ಹಳದಿ, ಕೆಂಪು, ನೀಲಿ, ಕಪ್ಪು. ಕಥೆಯ ಅಕ್ಷರ ಇರುವುದು ಕಪ್ಪು ಪ್ಲೇಟಿನಲ್ಲಿ ಮಾತ್ರ. ಆದ್ದರಿಂದ ಮೂರು ಬಣ್ಣಗಳನ್ನು ಎಲ್ಲ ಭಾಷೆಗಳಿಗೂ ಸೇರಿಸಿ ಒಂದೇ ಸಲ ಲಕ್ಷಗಟ್ಟಲೆ ಹಾಳೆ ಒತ್ತಿಕೊಂಡು, ಕಪ್ಪು ಪ್ಲೇಟನ್ನು ಮಾತ್ರ ಭಾಷೆಗೊಂದರಂತೆ ಬದಲಾಯಿಸಿದರೆ ಖರ್ಚು ಹಂಚಿಹೋಗುತ್ತದೆ. ಎರಡನೇ ಮಹಾಯುದ್ಧದ ನಂತರ ಯೂರೋಪಿನ ಸಣ್ಣ ಭಾಷೆಗಳ ಮಕ್ಕಳಿಗೂ ಬಣ್ಣದ ಪುಸ್ತಕ ಸಿಕ್ಕದ್ದು ಈ ಉಪಾಯದಿಂದ. 1970ರ ಆಸುಪಾಸಿನಲ್ಲಿ ನ್ಯಾಷನಲ್ ಬುಕ್ ಟ್ರಸ್ಟ್ ಆರಂಭಿಸಿದ 'ನೆಹರೂ ಬಾಲ ಪುಸ್ತಕಾಲಯ' ಮಾಲೆಯ ಪುಸ್ತಕಗಳೂ, ಮಾಸ್ಕೋದಿಂದ ಕನ್ನಡದಲ್ಲೇ ಅಚ್ಚಾಗಿ ನವಕರ್ನಾಟಕದ ಮಳಿಗೆಗಳಿಗೆ ಬರುತ್ತಿದ್ದ ಸೋವಿಯತ್ ಪುಸ್ತಕಗಳೂ ಇದೇ ಬಗೆಯವು: ಚಿತ್ರ ಒಂದೇ, ಅಕ್ಷರ ಹಲವು.

ಲೆಕ್ಕ ಸರಿಯಾಗಿದೆ. ಆದರೆ ಅದು ಒಂದು ಷರತ್ತು ಹಾಕುತ್ತದೆ: ಚಿತ್ರ ಮೊದಲೇ ಸಿದ್ಧವಾಗಿರಬೇಕು, ಅದೂ ದೊಡ್ಡ ಮಾರುಕಟ್ಟೆಯ ಭಾಷೆಯಲ್ಲಿ. ಸಿಂಡ್ರೆಲಾಳ ಚಿತ್ರ ಸಿದ್ಧವಿತ್ತು. ಹಂಚಿಯ ಚಿತ್ರವನ್ನು ಮೊದಲಿನಿಂದ ಬಿಡಿಸಿ, ನಾಲ್ಕೂ ಪ್ಲೇಟುಗಳ ಖರ್ಚನ್ನು ಕನ್ನಡವೊಂದೇ ಹೊರಬೇಕಿತ್ತು. ಹೀಗಾಗಿ ಕನ್ನಡ ಮಗುವಿಗೆ ಸಿಕ್ಕ ಬಣ್ಣ ಎಲ್ಲೋ ಬೇರೆ ಕಡೆಯದು. ಕಪ್ಪು ಮಾತ್ರ ನಮ್ಮದು. ಕಾರ್ಕಳದಲ್ಲಿ 1929ರಲ್ಲಿ ಹುಟ್ಟಿದ ಅನಂತ ಪೈ ಅವರು, ದೂರದರ್ಶನದ ರಸಪ್ರಶ್ನೆಯಲ್ಲಿ ಗ್ರೀಕ್ ದೇವತೆಗಳನ್ನು ಬಲ್ಲ ಮಕ್ಕಳಿಗೆ ರಾಮನ ತಾಯಿಯ ಹೆಸರು ಗೊತ್ತಿಲ್ಲದ್ದನ್ನು ಕಂಡು 1967ರಲ್ಲಿ ಈ ಕೆಲಸಕ್ಕೆ ಕೈಹಾಕಿದ್ದಾಗಿ ಹೇಳುತ್ತಿದ್ದರು. ಅವರಿಂದ ಕಥೆಗಳು ಭಾರತದ್ದಾದವು. ಕೃಷ್ಣ ಬಂದ, ಬಸವೇಶ್ವರರೂ ಕೃಷ್ಣದೇವರಾಯನೂ ಬಂದರು. ಆದರೆ ಮಾಲೆ ಸಿದ್ಧವಾದದ್ದು ಮುಂಬಯಿಯಲ್ಲಿ, ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಹುಟ್ಟಿದ ಮಾಲೆಯೇ ಕನ್ನಡಕ್ಕೆ ಅನುವಾದವಾಗಿ ಮರಳಿತು.

ಹೀಗೆ ಮರಳುವಾಗ ಪುಟದ ಮೇಲೆ ಏನಾಗುತ್ತದೆ ಎಂಬುದನ್ನೂ ಗಮನಿಸಬೇಕು. ಇಂಗ್ಲಿಷಿನ ಅಳತೆಗೆ ಬಿಟ್ಟ ಜಾಗದಲ್ಲಿ ಕನ್ನಡ ಇಕ್ಕಟ್ಟಾಗುತ್ತದೆ. ಒತ್ತಕ್ಷರಕ್ಕೆ ಸಾಲಿನ ಕೆಳಗೆ ಜಾಗ ಬೇಕು, ಅದು ಇರುವುದಿಲ್ಲ. ಅಕ್ಷರ ಕುಗ್ಗುತ್ತದೆ, ಅಥವಾ ಮಾತು ಕತ್ತರಿಸಲ್ಪಡುತ್ತದೆ. ಚಿತ್ರಗಾರರಿಗೂ ಕಟ್ಟು: ಬಣ್ಣದ ನಡುವೆ ಬಿಳಿಯ ಅಕ್ಷರ ಬರೆಯುವಂತಿಲ್ಲ, ಅಕ್ಷರವನ್ನೇ ಚಿತ್ರವಾಗಿಸುವಂತಿಲ್ಲ, ಬರೆದರೆ ಪ್ರತಿ ಭಾಷೆಗೂ ನಾಲ್ಕು ಪ್ಲೇಟೂ ಬದಲಾಗಬೇಕು. ಕಾಲ್ಡೆಕಾಟ್ ಮಾಡಿದಂತೆ ಮಾತಿನ ಮೌನದಿಂದ ಚಿತ್ರ ಹುಟ್ಟುವುದು ಇಲ್ಲಿ ಕಷ್ಟ.

ಬೇರೆ ದಾರಿ ಇರಲಿಲ್ಲವೇ? ಇತ್ತು, ಶಾಂಘೈನ ದಾರಿ. ಬಣ್ಣ ಬಿಟ್ಟರೆ ಕನ್ನಡ ತನ್ನ ಕಾಲ ಮೇಲೆ ನಿಲ್ಲಬಲ್ಲದು ಎಂಬುದಕ್ಕೆ ಸಾಕ್ಷಿಯೂ ಉಂಟು. 1970ರ ದಶಕದಲ್ಲಿ ಬೆಂಗಳೂರಿನ ರಾಷ್ಟ್ರೋತ್ಥಾನ ಪರಿಷತ್ತು ಪ್ರೊ. ಎಲ್.ಎಸ್. ಶೇಷಗಿರಿ ರಾವ್ ಅವರ ಸಂಪಾದಕತ್ವದಲ್ಲಿ ತಂದ 'ಭಾರತ ಭಾರತಿ' ಮಾಲೆಯ ಐನೂರಕ್ಕೂ ಹೆಚ್ಚು ಪುಟ್ಟ ಪುಸ್ತಕಗಳು ಕನ್ನಡದಲ್ಲೇ ಹುಟ್ಟಿ ಬೇರೆ ಭಾಷೆಗಳಿಗೆ ಹೋದವು. ಅವು ಓದುವ ಪುಸ್ತಕಗಳು, ನೋಡುವ ಪುಸ್ತಕಗಳಲ್ಲ. ಆದರೆ ಅಂಗೈಯಗಲ, ಅಗ್ಗದ ಬೆಲೆ, ಒಂದೇ ಮಸಿ ಎಂಬ ಸೂತ್ರ ಅಲ್ಲಿತ್ತು. ಆ ಸೂತ್ರಕ್ಕೆ ಪುಟಕ್ಕೊಂದು ರೇಖಾಚಿತ್ರ ಸೇರಿದ್ದರೆ ಕನ್ನಡದ 'ಸರಪಳಿ ಚಿತ್ರ' ಹುಟ್ಟುತ್ತಿತ್ತು.

ಇಂದು ಆ ಲೆಕ್ಕಾಚಾರವೇ ಬದಲಾಗಿದೆ. 2004ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಅಗ್ಗದ ಚಿತ್ರಪುಸ್ತಕಗಳನ್ನು ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ತಂದಿದೆ. 2015ರಿಂದ 'ಸ್ಟೋರಿವೀವರ್' ಎಂಬ ವೇದಿಕೆಯ ಮೂಲಕ ಕಂಪ್ಯೂಟರಿನಲ್ಲಿ, ಮೊಬೈಲಿನಲ್ಲಿ ಉಚಿತವಾಗಿಯೂ ಕೊಡುತ್ತಿದೆ. ಚೆನ್ನೈನ ತೂಲಿಕಾ ಪ್ರಕಾಶನವೂ ಕನ್ನಡದಲ್ಲಿ ಚಿತ್ರಪುಸ್ತಕ ತರುತ್ತದೆ. ಕನ್ನಡ ಮಗುವಿಗೆ ಈಗ ಚಿತ್ರಪುಸ್ತಕದ ಬರವಿಲ್ಲ. ಅವುಗಳಲ್ಲಿ ಅನುವಾದದ ಪಾಲು ದೊಡ್ಡದು, ಅದರಲ್ಲಿ ತಪ್ಪೂ ಇಲ್ಲ. ಸಿಂಡ್ರೆಲಾಳಂಥ ಹುಡುಗಿಯ ಕಥೆ ಒಂಬತ್ತನೆಯ ಶತಮಾನದ ಚೀನೀ ಗ್ರಂಥವೊಂದರಲ್ಲೂ ಇದೆ. ಅಲ್ಲಿ ಅವಳ ಹೆಸರು ಯೆ ಶಿಯಾನ್. ಅವಳಿಗೆ ನೆರವಾಗುವುದು ಒಂದು ಮೀನು. ಕಥೆಗಳು ಹೀಗೆ ಊರೂರು ತಿರುಗುವಂಥವೇ. ಆದರೆ ತಿರುಗುವ ಕಥೆ ಪ್ರತಿ ಊರಲ್ಲೂ ಬಟ್ಟೆ ಬದಲಾಯಿಸಬೇಕು. ಚೀನಾದಲ್ಲಿ ಮೀನು, ಫ್ರಾನ್ಸಿನಲ್ಲಿ ಗಾಜಿನ ಪಾದರಕ್ಷೆ, ಕನ್ನಡದಲ್ಲಿ ಮಣ್ಣಿನ ಮುಖವಾಡ.

ತೆರೆಯ ಮೇಲಿನ ಪುಟಕ್ಕೆ ಪ್ಲೇಟಿನ ಖರ್ಚಿಲ್ಲ. ಬಣ್ಣದ ಭಾರ ಹೊರಲಾಗದು ಎಂಬ 1965ರ ಕಾರಣ ಈಗ ಉಳಿದಿಲ್ಲ. ಕನ್ನಡದಲ್ಲೇ ಯೋಚಿಸಿ ಬಿಡಿಸುವ ಕಲಾವಿದರು, ಚಿತ್ರಕ್ಕೆ ಅರ್ಧ ಮಾತು ಬಿಟ್ಟುಕೊಡಲು ಒಪ್ಪುವ ಲೇಖಕರು ಒಂದೇ ಮೇಜಿನ ಮುಂದೆ ಕೂತರೆ ಸಾಕು. ಅನಂತರಾಮ್ ಅವರ ಹತ್ತು ಪುಸ್ತಕಗಳಾದ ಮೇಲೆ ಹನ್ನೊಂದನೆಯದು ಇಂಗ್ಲಿಷಿಗೆ ಹೋಯಿತು. ಕನ್ನಡದ ಹನ್ನೊಂದನೆಯ ಪುಸ್ತಕದ ಜಾಗ ಇನ್ನೂ ಖಾಲಿಯೇ ಇದೆ ಎಂದುಕೊಂಡರೆ, ಅದರ ಮುಖಪುಟಕ್ಕೆ ಹಂಚಿ ತಕ್ಕವಳು.